ಖಾಲಿ ಡಬ್ಬಿ ಒಲ್ಲದ ಅಜ್ಜಿ

ನಮ್ಮ ಆಟ ಬಿಡುಗಡೆಯಾದ ದಿನ ಅವ್ವ ಮೊದಲ ಸಿ.ಡಿ.ಗೆ ಜೇಜುರಿಯ ಖಂಡೋಬನ ಗುಡಿಯಿಂದ ತಂದ ಭಂಡಾರದ ಅರಿಶಿನ ಹಚ್ಚಿದಳು. ಹಚ್ಚಿದ್ದು ಹೊಳೆಯುವ ಬದಿಗೆ. ಆ ಸಿ.ಡಿ. ಮುಂದೆ ಯಾವ ಕಂಪ್ಯೂಟರಿನಲ್ಲೂ ಓಡಲಿಲ್ಲ. ಈಗಲೂ ದೇವರ ಮಾಡದಲ್ಲಿ ಖಂಡೋಬನ ಪಕ್ಕ ಒರಗಿಕೊಂಡು ಅರಿಶಿನ ಬಣ್ಣದಲ್ಲಿ ನಿಂತಿದೆ. ಉಳಿದ ಒಂಬತ್ತಕ್ಕೂ ಅವಳು ಕೈ ಹಾಕುವ ಮೊದಲೇ ನಾನು ಅವನ್ನು ಚೀಲಕ್ಕೆ ತುಂಬಿಕೊಂಡು ಓಡಿದೆ.

ಬಿಡುಗಡೆ ಎಂದರೆ ಸಭೆ, ಹಾರ, ತುರಾಯಿ ಅಂದುಕೊಳ್ಳಬೇಡಿ. ಪುಣೆಯ ಖಡಕಿ ಬಜಾರಿನಲ್ಲಿ ಉಡುಪಿ ಕಡೆಯ ಒಬ್ಬರ ಹೋಟೆಲಿತ್ತು. ಅದರ ಮೇಲಿನ ಅಟ್ಟದಲ್ಲಿ ಅವರೇ ಆರು ಕಂಪ್ಯೂಟರ್ ಇಟ್ಟು ಸೈಬರ್ ಕೆಫೆ ತೆರೆದಿದ್ದರು. ಅಲ್ಲಿ ಕೂತು ಇಮೇಲ್ ಓದಿದವರ ಅಂಗಿಗೆಲ್ಲ ಸಾಂಬಾರಿನ ಘಮ. ಆ ಮಾಲೀಕರ ಕೈಕಾಲು ಹಿಡಿದು ಮೇಜಿನ ಮೂಲೆಯಲ್ಲಿ ಒಂಬತ್ತು ಸಿ.ಡಿ. ಜೋಡಿಸಿಟ್ಟೆವು. ಪಕ್ಕದಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಒಂದು ಚೀಟಿ: ಇಲ್ಲೇ ಆಡಿ, ಇಲ್ಲವೇ ಮನೆಗೆ ಒಯ್ದು ಆಡಿ, ತಿರುಗಿ ತಂದಿಡಿ. ಅಷ್ಟೇ ಬಿಡುಗಡೆ.

'ನಾವು' ಅಂದರೆ ನಾನು ಮತ್ತು ನನ್ನ ಗೆಳತಿ. ಅಪ್ಪ ಮದ್ದುಗುಂಡಿನ ಕಾರ್ಖಾನೆಯಲ್ಲಿದ್ದರು, ಅವಳ ಅಪ್ಪನೂ ಅಲ್ಲೇ. ಕ್ವಾರ್ಟರ್ಸಿನಲ್ಲಿ ನಮ್ಮೆರಡು ಮನೆಗಳಿಗೆ ಒಂದೇ ಗೋಡೆ. ಅವಳದು ಮರಾಠಿ, ನಮ್ಮದು ಕಲಬುರಗಿ ಕಡೆಯ ಕನ್ನಡ. ನಾಲ್ಕನೇ ವಯಸ್ಸಿನಿಂದ ಎರಡನ್ನೂ ಕಲಸಿಕೊಂಡೇ ಜಗಳವಾಡಿದವರು ನಾವು. ಅವಳು ಚಿತ್ರ ಬರೆದಳು, ನಾನು ಪ್ರೋಗ್ರಾಮ್ ಬರೆದೆ. ಎರಡು ವರ್ಷ ಹಿಡಿಯಿತು. ಅವಳ ಜಲವರ್ಣದ ಹಾಳೆಗಳನ್ನು ಕ್ಯಾಂಪ್ ಪೇಟೆಯ ಒಂದು ಸ್ಟುಡಿಯೋಕ್ಕೆ ಬಸ್ಸಿನಲ್ಲಿ ಒಯ್ದು ಸ್ಕ್ಯಾನ್ ಮಾಡಿಸುತ್ತಿದ್ದೆವು. ಮಳೆ ಬಂದರೆ ಹಾಳೆಗೆ ಕೊಡೆ, ನಮಗೆ ನೆಗಡಿ.

ಆಟ ಸರಳ. ಒಂದು ಹಳೆಯ ವಠಾರ, ಒಬ್ಬ ಹುಡುಗಿ. ಅವಳ ಗಾಳಿಪಟ ಮಾಳಿಗೆಯಲ್ಲಿ ಸಿಕ್ಕಿಕೊಂಡಿದೆ. ಮಾಳಿಗೆಯ ಕೀಲಿಕೈ ಪಕ್ಕದ ಮನೆ ಅಜ್ಜಿಯ ಸೊಂಟದಲ್ಲಿದೆ. ಅಜ್ಜಿಯ ಸ್ಟೀಲ್ ಡಬ್ಬಿಯೊಂದು ಹುಡುಗಿಯ ಮನೆಯಲ್ಲೇ ಉಳಿದುಬಿಟ್ಟಿದೆ. ಚಿತ್ರದೊಳಗಿನ ವಸ್ತುಗಳನ್ನು ಮೌಸಿನಿಂದ ಒತ್ತಿ ಎತ್ತಿಕೊಳ್ಳಬೇಕು, ಬೇಕಾದಲ್ಲಿ ಬಳಸಬೇಕು. ಡಬ್ಬಿ ತಿರುಗಿ ಕೊಟ್ಟರೆ ಅಜ್ಜಿ ಕೀಲಿಕೈ ಕೊಡುತ್ತಾಳೆ. ಮಾತು ಒಂದೂ ಇಲ್ಲ. ಯಾವ ಭಾಷೆಯಲ್ಲಿ ಬರೆಯಬೇಕೆಂಬ ಜಗಳ ಮುಗಿಯದ್ದರಿಂದ ಆಟವನ್ನು ಮೂಕವಾಗಿಯೇ ಬಿಟ್ಟಿದ್ದೆವು.

ಗೆಳತಿಗೆ ಅಷ್ಟರಲ್ಲಿ ಮುಂಬೈಯ ಜಾಹೀರಾತು ಕಂಪನಿಯೊಂದರಿಂದ ಕರೆ ಬಂದಿತ್ತು. ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡೆವು. ಆ ತಿಂಗಳೊಳಗೆ ಯಾರಾದರೂ ಒಬ್ಬರು, ಒಬ್ಬರೇ ಸಾಕು, ನಮ್ಮ ಆಟವನ್ನು ಕೊನೆಯವರೆಗೆ ಆಡಿದರೆ ಅವಳು ಇಲ್ಲೇ ಉಳಿಯುವುದು, ಎರಡನೇ ಆಟ ಮಾಡುವುದು. ಇಲ್ಲದಿದ್ದರೆ ಅವಳು ಮುಂಬೈಗೆ. ಷರತ್ತು ಒಂದೇ: ಮನೆಯವರು, ನೆಂಟರು ಲೆಕ್ಕಕ್ಕಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ನಮಗೂ ಗೊತ್ತಿತ್ತು.

ಮೊದಲೆರಡು ವಾರ ನಾನು ಕೆಫೆಯಲ್ಲಿ ಇಮೇಲ್ ನೋಡುವವಳಂತೆ ನಟಿಸುತ್ತಾ ಆಟಗಾರರ ಬೆನ್ನ ಹಿಂದೆ ಕೂತೆ. ಅಂಥ ಶಿಕ್ಷೆ ಶತ್ರುವಿಗೂ ಬೇಡ. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಂದರು. ವಠಾರದ ಅಂಗಳ ತೆರೆದುಕೊಂಡಿತು. ಎಂಟು ದಿನ ಕೂತು ಬರೆದ ಬೆಳಗಿನ ಬಿಸಿಲು. ಒಬ್ಬ ಕೇಳಿದ, "ಬಂದೂಕ್ ಕಿಧರ್ ಹೈ?" ಇನ್ನೊಬ್ಬ ಹತ್ತು ಒತ್ತಿಗೆ ಅಜ್ಜಿಯಿಂದ ಕೀಲಿಕೈ ಇಸಿದುಕೊಂಡು, "ಇಷ್ಟೇನಾ?" ಅಂತ ಮುಚ್ಚಿ ಕಾರ್ ರೇಸಿಗೆ ಹೋದ. ಅವನ ತಲೆಯ ಮೇಲೆ ಬಿಸಿ ಸಾಂಬಾರು ಸುರಿಯಬೇಕೆನಿಸಿತು. ಸಿ.ಡಿ. ಒಯ್ದವರು ತಂದಿಟ್ಟು "ಛಾನ್ ಆಹೆ" ಅಂದರು. ಪುಣೆಯಲ್ಲಿ ಯಾರಾದರೂ ಚೆನ್ನಾಗಿದೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡರೆ, ಅವರು ಆಡಿಲ್ಲ ಎಂದರ್ಥ.

ಅವರಲ್ಲಿ ಒಬ್ಬರು ನಿವೃತ್ತ ಸುಬೇದಾರರು. ಮನೆಯಲ್ಲಿ ಕಂಪ್ಯೂಟರಿದ್ದರೂ ಇಂಟರ್ನೆಟ್ ಇಲ್ಲದ್ದರಿಂದ, ವಿದೇಶದಲ್ಲಿದ್ದ ಮಗಳ ಇಮೇಲ್ ಪತ್ರ ಓದಲು ದಿನಾ ಹತ್ತು ಗಂಟೆಗೆ ಬರುತ್ತಿದ್ದರು. ಅವರು ಸಿ.ಡಿ. ಮರಳಿಸಿ, "ಅಚ್ಛಾ ಬನಾಯಾ ಹೈ, ಬೇಟಾ. ಲೇಕಿನ್ ದಾದೀ ಕೇ ದರವಾಜೇ ಸೇ ಆಗೇ ಜಾನೇ ಕಾ ಮನ್ ನಹೀಂ ಹುವಾ" ಎಂದರು. ಅಜ್ಜಿಯ ಬಾಗಿಲಿಂದ ಮುಂದೆ ಹೋಗಲು ಮನಸ್ಸಾಗಲಿಲ್ಲವಂತೆ! ಎರಡು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ್ದಕ್ಕೆ ಇದು ಬಹುಮಾನ. ನಾನು ಮುಖ ಊದಿಸಿಕೊಂಡು ಮನೆಗೆ ಬಂದೆ.

ಭಾನುವಾರ ಮಧ್ಯಾಹ್ನ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು, ನನ್ನ ಮೋರೆ ನೋಡಲಾಗದೆ, "ತೋರ್ಸು ಏನದ ನಿನ್ನ ಆಟ" ಎಂದು ಕಂಪ್ಯೂಟರಿನ ಮುಂದೆ ಕೂತಳು. ಮೌಸ್ ಹಿಡಿದದ್ದು ಅದೇ ಮೊದಲು. ಬಾಣ ಮೂಲೆಗೆ ಹೋದರೆ ತಾನೂ ಆ ಕಡೆ ವಾಲುತ್ತಿದ್ದಳು. ಹೇಗೋ ಡಬ್ಬಿ ಎತ್ತಿಕೊಂಡಳು, ಅಜ್ಜಿಯ ಬಾಗಿಲಿಗೆ ಹೋದಳು, ನಿಂತಳು. ಆಮೇಲೆ ತಿರುಗಿ ಹುಡುಗಿಯ ಅಡುಗೆಮನೆಗೆ ಬಂದು, ಗೂಡಿನಲ್ಲಿ ಬರೆದಿದ್ದ ಸಕ್ಕರೆ ಭರಣಿಯನ್ನು ಒತ್ತತೊಡಗಿದಳು. ಅದು ಬರೀ ಅಲಂಕಾರಕ್ಕೆ ಬರೆದದ್ದು. ಒತ್ತಿದಳು, ಒತ್ತಿದಳು, ಒತ್ತಿದಳು.

"ಇದು ಕೆಟ್ಟದ ನೋಡು. ಸಕ್ರಿ ಬರವಲ್ದು."

"ಸಕ್ರಿ ಯಾಕ ಅವ್ವಾ? ಡಬ್ಬಿ ಅಜ್ಜೀಗಿ ಕೊಡು, ಕೀಲಿಕೈ ಕೊಡ್ತಾಳ."

"ಖಾಲಿ ಡಬ್ಬಿ?" ಅವ್ವ ಮೌಸ್ ಬಿಟ್ಟು ನನ್ನತ್ತ ತಿರುಗಿದಳು. "ಮಂದಿ ಡಬ್ಬಿ ಖಾಲಿ ತಿರುಗಿ ಕೊಡ್ತಾರೇನು ಯಾರರ? ನಿಮ್ಮವ್ವ ಇದನ್ನ ಕಲಿಸ್ಯಾಳೇನು ನಿನಗ?"

"ಅವ್ವಾ, ಇದು ಆಟ! ಖರೇ ಅಜ್ಜಿ ಅಲ್ಲ!"

"ಆಟ ಆದ್ರೇನಾತು? ಖಾಲಿ ಡಬ್ಬಿ ಕೊಟ್ಟು ಮುದುಕಿ ಕಡಿಂದ ಕೀಲಿಕೈ ಇಸ್ಕೊಳ್ಳಾಕ ನನಗ ಭಾಳ ನಾಚಿಕಿ ಬರ್ತದ. ನಾ ಒಲ್ಲೆ." ಎದ್ದು ಮತ್ತೆ ಮೊರದ ಮುಂದೆ ಕೂತಳು.

ಸಿಟ್ಟಿನಿಂದ ನಾನು ಒಂದು ನಿಮಿಷ ಉರಿದೆ. ಎರಡನೇ ನಿಮಿಷಕ್ಕೆ ಮೈ ತಣ್ಣಗಾಯಿತು. ಎರಡು ಮನೆಗಳ ನಡುವಿನ ಆ ಗೋಡೆಯ ಆಚೆಗೂ ಈಚೆಗೂ ಇಪ್ಪತ್ತು ವರ್ಷ ಡಬ್ಬಿ ಹೊತ್ತು ತಿರುಗಿದವರು ನಾನೂ ಗೆಳತಿಯೂ. ಅವರ ಮನೆಯ ಪೂರಣಪೋಳಿ ಬಂದ ಡಬ್ಬಿಯಲ್ಲಿ ನಮ್ಮ ಮನೆಯ ಶೇಂಗಾ ಹೋಳಿಗೆ ಹೋಗುತ್ತಿತ್ತು. ಏನೂ ಇಲ್ಲದ ದಿನ ತಳಕ್ಕೆ ಒಂದು ಚಮಚ ಸಕ್ಕರೆ. ಆ ಸಕ್ಕರೆಯನ್ನು ಮೆಟ್ಟಿಲಲ್ಲೇ ನೆಕ್ಕಿ ಏಟು ತಿಂದವರೂ ನಾವೇ. ಸುಬೇದಾರರು ಅಜ್ಜಿಯ ಬಾಗಿಲಲ್ಲಿ ಯಾಕೆ ನಿಂತರೆಂದು ಆಗ ಹೊಳೆಯಿತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆವು.

ಗೆಳತಿಯ ಮನೆಗೆ ಓಡಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು, ಆಮೇಲೆ ನಕ್ಕಳು, ಆಮೇಲೆ ಕುಂಚ ತೊಳೆದಳು. ಹತ್ತು ದಿನದಲ್ಲಿ ಆಟ ತಿದ್ದಿದೆವು. ಈಗ ಸಕ್ಕರೆ ಭರಣಿ ತೆರೆಯುತ್ತದೆ. ಖಾಲಿ ಡಬ್ಬಿ ಕೊಟ್ಟರೆ ಅಜ್ಜಿ ಮುಚ್ಚಳ ತೆಗೆದು ನೋಡುತ್ತಾಳೆ, ಡಬ್ಬಿ ಅಲ್ಲಾಡಿಸುತ್ತಾಳೆ, ಗಲ್ಲಕ್ಕೆ ಕೈ ಹಚ್ಚಿ ಹುಡುಗಿಯನ್ನು ದಿಟ್ಟಿಸಿ ತಿರುಗಿ ಕೊಟ್ಟುಬಿಡುತ್ತಾಳೆ. ಸುಳಿವು ಏನೂ ಇಲ್ಲ. ಆ ನೋಟ ಮಾತ್ರ ನಮ್ಮವ್ವನದೇ.

ಹೊಸ ಸಿ.ಡಿ. ಇಟ್ಟ ಎರಡನೇ ದಿನವೇ ಕೆಫೆಯಲ್ಲಿ ಗದ್ದಲ. ಕಾರ್ ರೇಸಿನ ಹುಡುಗ ಅಜ್ಜಿಯ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದ. ಡಬ್ಬಿ ಕೊಟ್ಟ, ಅಜ್ಜಿ ತಿರುಗಿ ಕೊಟ್ಟಳು. ಪೊರಕೆ ಕೊಟ್ಟ, ಅಜ್ಜಿ ಅದನ್ನೇ ಎತ್ತಿ ಅಟ್ಟಿಸಿಕೊಂಡು ಬಂದಳು. ಡಬ್ಬಿಯೊಳಗೆ ಬೆಕ್ಕನ್ನು ಹಾಕಲು ನೋಡಿದ. ಹುಡುಗರೆಲ್ಲ ತಮ್ಮ ಕಂಪ್ಯೂಟರ್ ಬಿಟ್ಟು ಅವನ ಸುತ್ತ ನಿಂತು ಬುದ್ಧಿ ಹೇಳತೊಡಗಿದರು. ಮಾಲೀಕರು ಅಟ್ಟ ಹತ್ತಿ ಬಂದು ನನ್ನ ಕಿವಿಯಲ್ಲಿ, "ಎಂತ ಮಾರಾಯ್ತಿ, ಒಂದು ಮುದುಕಿ ನನ್ನ ಕೆಫೆಯನ್ನೇ ಹಿಡ್ಕೊಂಡು ಕೂತಿದ್ದಾಳಲ್ಲ!" ಎಂದರು. ಕೊನೆಗೆ ಆ ಹುಡುಗ ಕೆಳಗಿನ ಫೋನ್ ಬೂತಿಗೆ ಹೋಗಿ ಊರಲ್ಲಿದ್ದ ತನ್ನ ತಾಯಿಗೆ ಫೋನ್ ಮಾಡಿದ. ಎರಡೆರಡು ಮೆಟ್ಟಿಲು ಹಾರಿ ಬಂದ. "ಸಾಖರ್! ಅರೇ, ಸಾಖರ್!" ಎನ್ನುತ್ತಾ ಭರಣಿ ಒತ್ತಿದ. ಅಜ್ಜಿ ಮುಚ್ಚಳ ತೆಗೆದಳು, ಬೊಚ್ಚುಬಾಯಿ ಬಿಟ್ಟು ನಕ್ಕಳು, ಸೊಂಟದಿಂದ ಕೀಲಿಕೈ ಬಿಚ್ಚಿದಳು. ಅಟ್ಟ ಕುಣಿಯಿತು. ಕೆಳಗೆ ಇಡ್ಲಿ ತಿನ್ನುತ್ತಿದ್ದವರ ತಟ್ಟೆಗೆ ಮಣ್ಣು ಉದುರಿತಂತೆ. ನನಗೆ ಸಂತೋಷದಿಂದ ಅಳುವೇ ಬಂತು. ಕಂಬದ ಹಿಂದೆ ನಿಂತು ಮೂಗು ಒರೆಸಿಕೊಂಡೆ.

ಆದರೂ ಆ ಹುಡುಗ ಮಾಳಿಗೆ ಹತ್ತುವ ಹೊತ್ತಿಗೆ ಅವನ ಕ್ಲಾಸಿನ ವೇಳೆಯಾಗಿ ಓಡಿದ. ಕೊನೆಯವರೆಗೆ ಆಡಿದವರು ಇನ್ನೂ ಇರಲಿಲ್ಲ. ತಿಂಗಳಲ್ಲಿ ಎರಡೇ ದಿನ ಉಳಿದಿತ್ತು. ಗೆಳತಿ ಕೆಲಸಕ್ಕೆ ಬರುತ್ತೇನೆಂದು ಮುಂಬೈಗೆ ಕಳಿಸಬೇಕಾದ ಪತ್ರ ಬರೆದು ಚೀಲದಲ್ಲಿಟ್ಟುಕೊಂಡೇ ಕೆಫೆಗೆ ಬಂದಿದ್ದಳು.

ಮರುದಿನ ಹತ್ತು ಗಂಟೆಗೆ, ನಾವಿಬ್ಬರೂ ಕೆಫೆಯಲ್ಲಿ ಕೂತಿದ್ದಾಗ, ಸುಬೇದಾರರು ಬಂದರು. ಹೊಸ ಸಿ.ಡಿ.ಯನ್ನು ಅವರು ಒಯ್ದದ್ದೇ ನನಗೆ ಗೊತ್ತಿರಲಿಲ್ಲ. ಯಾವತ್ತಿನಂತೆ ಅದನ್ನು ಮೇಜಿನ ಮೂಲೆಯಲ್ಲಿಡದೆ ನನ್ನ ಕೈಗೇ ಕೊಟ್ಟು, ಗಾಳಿಪಟ ಮೋಡದ ಮೇಲೆ ಹೋದಾಗ ಹುಡುಗಿ ಕೆಳಗಿನ ಅಜ್ಜಿಗೆ ಕೈ ಬೀಸುವುದು ತುಂಬಾ ಹಿಡಿಸಿತು ಎಂದರು. ಅದು ಆಟದ ಕಟ್ಟಕಡೆಯ ಚಿತ್ರ. ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳ ಪತ್ರ ಓದಲು ಹೋಗಿ ಕೂತರು.

ಸಿ.ಡಿ.ಯ ಪ್ಲಾಸ್ಟಿಕ್ ಡಬ್ಬಿ ಎಂದಿಗಿಂತ ಉಬ್ಬಿತ್ತು. ಗೆಳತಿ ಅದನ್ನು ಕಸಿದುಕೊಂಡು ತೆರೆದಳು. ಒಳಗೆ ಸಿ.ಡಿ.ಯ ಮೇಲೆ, ದಿನಪತ್ರಿಕೆಯ ತುಂಡಿನಲ್ಲಿ ಚಪ್ಪಟೆಯಾಗಿ ಮಡಿಸಿದ ಒಂದು ಪೊಟ್ಟಣ. ಅದರಲ್ಲಿ ಒಂದು ಚಮಚ ಸಕ್ಕರೆ.

ಅವಳು ಅರ್ಧ ನನ್ನ ಬಾಯಿಗೆ ಸುರಿದಳು, ಅರ್ಧ ತನ್ನ ಬಾಯಿಗೆ. ಚೀಲದಿಂದ ಮುಂಬೈಯ ಪತ್ರ ತೆಗೆದು ನಾಲ್ಕು ತುಂಡು ಮಾಡಿದಳು. ಆಮೇಲೆ ಆ ಡಬ್ಬಿಯನ್ನು ಅಂಗಿಗೆ ಒರೆಸುತ್ತಾ, ಸಕ್ಕರೆ ತುಂಬಿದ ಬಾಯಲ್ಲೇ, ನಮ್ಮವ್ವನಿಂದ ಕಲಿತ ಕನ್ನಡದಲ್ಲಿ ಹೇಳಿದಳು, "ಇನ್ನ ಎರಡನೇ ಆಟ ಮಾಡಾಕಽ ಬೇಕು. ಅವರು ತುಂಬಿ ಕೊಟ್ಟ ಡಬ್ಬಿ ಖಾಲಿ ಹ್ಯಾಂಗ ಕಳಸೂದು?"