ಎದುರಿಗೆ ಕುಳಿತವರ ಮುಖ

ಇವತ್ತು ಬೆಳಿಗ್ಗೆ ಸೊಸೆ ನೀಲವ್ವ ನೂಲಿಗೆ ಗಂಜಿ ಹಚ್ಚಿದ್ದಳು. ಆ ಹುಳಿವಾಸನೆ ಮೂಗಿಗೆ ಬಿದ್ದದ್ದೇ ತಡ, ನಮ್ಮ ಅತ್ತೆ ಎದ್ದು ಬಂದು ಎದುರಿಗೆ ಕುಳಿತಂತಾಯಿತು. ಇಳಕಲ್ಲಿನ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಪ್ಲೇಗಿನ ಭಯ ಇನ್ನೂ ಊರು ಬಿಟ್ಟಿರಲಿಲ್ಲ. ಅತ್ತೆಯ ಭಯ ಅದಕ್ಕಿಂತ ಒಂದು ಕೈ ಮೇಲು.

ನಮ್ಮ ಸೀರೆ ಉಟ್ಟವರಿಗೆ ಗೊತ್ತು, ಒಡಲು ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಕೂಡಿಸುವ ಪಾಡು ಮಾತ್ರ ಉಟ್ಟವರಿಗೆ ಗೊತ್ತಿಲ್ಲ. ನೇಯುವ ಮೊದಲು ಇಬ್ಬರು ಹೆಂಗಸರು ಎದುರುಬದುರು ಕುಳಿತು, ಒಡಲಿನ ಒಂದೊಂದು ಎಳೆಯ ಕೊಂಡಿಗೆ ಸೆರಗಿನ ಒಂದೊಂದು ಎಳೆಯ ಕೊಂಡಿಯನ್ನು ಸಿಕ್ಕಿಸಬೇಕು. ಮಾತು ಬಿಟ್ಟವರಾದರೂ ಸರಿ, ಮುಖಕ್ಕೆ ಮುಖ ಕೊಟ್ಟು ಕೂರಲೇಬೇಕು.

“ಮಾಸ್ತರನ ಮಗಳ, ಎಳಿ ಯಾಕ ಜಗ್ಗಿದಿ? ನಿಮ್ಮಪ್ಪ ಬರೇ ಓದೂದ ಕಲಿಸ್ಯಾನೇನ?”

ಅತ್ತೆಯ ಈ ಮಾತು ದಿನಾ ಇದ್ದದ್ದೇ. ನಾನು ಜಗ್ಗಿರುತ್ತಿರಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು.

ಅಪ್ಪ ಐಹೊಳೆಯ ಸಾಲೆಯಲ್ಲಿ ಮಾಸ್ತರ. ಬುದ್ಧನ ಮಾತು ಬಂದರೆ ಊಟ ಮರೆಯುವ ಮನುಷ್ಯ. ಅವನು ಹೇಳಿದ ಒಂದು ಕಥೆ ನನ್ನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಒಬ್ಬ ಬಂದು ಬುದ್ಧನನ್ನು ಬಾಯಿಗೆ ಬಂದಂತೆ ಬೈದನಂತೆ. ನೀನು ಬಡಿಸಿದ್ದನ್ನು ಬಂದವರು ಉಣ್ಣದಿದ್ದರೆ ಆ ಊಟ ಯಾರದು ಎಂದು ಬುದ್ಧ ಕೇಳಿದನಂತೆ. ನಿನ್ನ ಬೈಗಳೂ ಹಾಗೆಯೇ, ನಾನು ತೆಗೆದುಕೊಂಡಿಲ್ಲ ಎಂದನಂತೆ. ಅಬ್ಬಾ, ಒಳ್ಳೇ ಆಯುಧ ಸಿಕ್ಕಿತೆಂದು ನಾನು ಹಿಗ್ಗಿದೆ. ಒಂದು ದಿನ ಪ್ರಯೋಗಿಸಿಯೂ ಬಿಟ್ಟೆ.

“ಅತ್ತಿ, ನಿಮ್ಮ ಬೈಗಳ ನಾ ತಗೊಂಡಿಲ್ರಿ. ನಿಮ್ಮ ಹಂತೇಕನ ಇಟ್ಕೋರಿ.”

ಬುದ್ಧನನ್ನು ಬೈದವನು ಅವನ ಶಿಷ್ಯನಾದನಂತೆ. ನಮ್ಮ ಅತ್ತೆ ತಾಮ್ರದ ಚೊಂಬು ಎಸೆದರು. ನಾನು ಬಟ್ಟೆ ಗಂಟು ಕಟ್ಟಿ, ಇನ್ನು ಈ ಹೊಸ್ತಿಲು ತುಳಿಯಲಾರೆ ಎಂದು ಹೇಳಿಯೇ ತವರಿನ ಚಕ್ಕಡಿ ಹತ್ತಿದೆ.

ಅಪ್ಪ ಗಂಟು ಇಸಿದುಕೊಂಡು ಒಳಗಿಟ್ಟ. ಸಂಜೆ ಮೇಗುಟಿ ಗುಡ್ಡದ ಇಳಿಜಾರಿನ ಎರಡಂತಸ್ತಿನ ಗುಡಿಗೆ ಕರೆದೊಯ್ದ. ಅಲ್ಲಿ ಪಡಸಾಲೆಯ ಛತ್ತಿನ ಕಲ್ಲಿನಲ್ಲಿ ಬುದ್ಧ ಕುಳಿತಿದ್ದಾನೆ. ಕೆಳಗೆ ಯಾರದೋ ಆಡುಗಳು ಮಲಗಿದ್ದವು.

“ಇಂವ ಬೈಗಳ ತಗೊಳ್ಳಿಲ್ಲ, ಖರೆ,” ಎಂದ ಅಪ್ಪ, ಕತ್ತೆತ್ತಿ ನೋಡುತ್ತ. “ಆದರ ಬೈಯಾಂವನ ಮಾರಿ ನೋಡಿದ. ನೀ ನಿಮ್ಮತ್ತಿ ಮಾರಿ ಯಾವಾಗರೆ ನೋಡಿಯೇನವಾ?”

“ದಿನಾ ಅದನ್ನ ನೋಡ್ತೇನಲ್ಲಪಾ!”

“ನೋಡಿಲ್ಲ. ಒಮ್ಮೆ ನೋಡಿ ಬಾ. ಆಮ್ಯಾಲೂ ಇರಲಿಕ್ಕ ಆಗದಿದ್ರ, ನಮ್ಮ ಮನಿ ಎಲ್ಲಿ ಓಡಿ ಹೋಗ್ತೈತಿ?”

ಆ ಕೊನೆಯ ಮಾತಿನ ಧೈರ್ಯದ ಮೇಲೆ ತಿರುಗಿ ಬಂದೆ. ಅತ್ತೆ ಎದುರಿಗೆ ಕುಳಿತರು. ಉಸಿರು ಒಳಗೆಳೆದು ಒಂದು ಕೊಂಡಿ ಹಿಡಿದೆ, ಉಸಿರು ಬಿಟ್ಟು ಸಿಕ್ಕಿಸಿದೆ. ಹೀಗೆ ಸಾಗುತ್ತ ಸಾಗುತ್ತ ಒಳಗಿನ ಜಗಳ ತಣ್ಣಗಾಯಿತು. ಆಗ ತಲೆಯೆತ್ತಿ ಅತ್ತೆಯ ಮುಖ ನೋಡಿದೆ. ಕಣ್ಣು ಕಿರಿದು ಮಾಡಿದ್ದರು. ಎರಡು ಎಳೆಯನ್ನು ಒಂದೆಂದು ಹಿಡಿದರು, ಬೆರಳಿನಿಂದ ತಡವಿದರು, ಕೊಂಡಿ ಜಾರಿತು. ಮರುಕ್ಷಣವೇ ಬೈಗಳು ಬಂತು: “ಯಾಕ ಜಗ್ಗಿದಿ?”

ಅಯ್ಯೋ, ಇವರಿಗೆ ಕಣ್ಣು ಕಾಣುತ್ತಿಲ್ಲ! ಕಣ್ಣು ಹೋದವರನ್ನು ನೂಲಿನ ಕೆಲಸದಿಂದ ಎಬ್ಬಿಸಿ ತೊಟ್ಟಿಲು ತೂಗಲು ಕೂರಿಸುವುದು ನಮ್ಮಲ್ಲಿ ರೂಢಿ. ಆ ಜಾಗ ಹೋದೀತೆಂದು ಹೆಂಗಸು ಹೆದರಿದ್ದರು. ನಾನು ಅದನ್ನು ದರ್ಪವೆಂದುಕೊಂಡಿದ್ದೆ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಹುಡುಕಿದರೂ ಸಿಗಲಿಲ್ಲ.

“ಅತ್ತಿ, ನೀವು ಎಳಿ ಬಿಗಿ ಹಿಡಕೊಂಡ ಕುಂಡ್ರಿ. ಸಿಕ್ಕಸೂದು ನಾ ಮಾಡ್ತೇನಿ.”

ಬಿಗಿ ಹಿಡಿಯಲು ಬೆರಳು ಸಾಕು, ಕಣ್ಣು ಬೇಡ. ಅತ್ತೆ ಎಳೆ ಬಿಗಿಹಿಡಿದರು.

“ಯಾರ ಮುಂದೂ ಹೇಳಬ್ಯಾಡ,” ಎಂದರು.

“ಏನ ಹೇಳೂದ್ರಿ? ನೀವು ಹಿಡೀಲಿಲ್ಲಂದ್ರ ಸೆರಗು ಕೂಡ್ತೈತೇನು?”

ಬೈಗಳು ನಿಂತವೇ? ಎಲ್ಲಿಯ ಮಾತು! ಸಾಯುವತನಕ ಬೈದರು. ಸಾಯುವತನಕ ಆ ಜಾಗದಲ್ಲೇ ಕುಳಿತರು. ನನಗೆ ಮಾತ್ರ ಒಂದೂ ನಾಟಲಿಲ್ಲ, ಮತ್ತು ಈ ಸಲ ಅದನ್ನು ಅವರಿಗೆ ಹೇಳುವ ಉಸಾಬರಿಗೆ ನಾನು ಹೋಗಲಿಲ್ಲ.

ಇವತ್ತು ಗಂಜಿ ಒಣಗಿದ ಮೇಲೆ ನೀಲವ್ವ, ನಾನು ಕೂಡಿಸಲು ಕುಳಿತೆವು. ಒಂದು ಕೊಂಡಿ ಜಾರಿತು. “ಯಾಕ ಜಗ್ಗಿದಿ?” ಎಂದು ನಾನು ರೇಗಿದೆ. ಅವಳು ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು.

“ಅತ್ತಿ, ನೀವು ಬಿಗಿ ಹಿಡಕೊಂಡ ಕುಂಡ್ರಿ,” ಎಂದಳು.

ಅವಳಿಗೆ ಇದನ್ನು ನಾನು ಕಲಿಸಿರಲಿಲ್ಲ. ಹಿಡಿದುಕೊಂಡು ಕುಳಿತೆ, ಹಾಯಾಗಿ. ಯಾರ ಮುಂದೂ ಹೇಳಬೇಡ ಎನ್ನಲಿಲ್ಲ. ನಾನೇ ನಿಮ್ಮ ಮುಂದೆ ಹೇಳುತ್ತಿದ್ದೇನಲ್ಲ.