ಅರ್ಧ ಪ್ರಾರ್ಥನಿ ಆಕಿದು

ಟ್ಯಾಂಕರ್ ಬಂದ ಮುಂಜಾನಿ ಆದ ಮಾತು ಇದು.

ಆ ವರ್ಷ ಭಾಲ್ಕ್ಯಾಗ ನಮ್ಮ ಓಣಿಗಿ ನಾಕು ದಿನಕ್ಕೊಮ್ಮೆ ನೀರು ಬರ್ತಿತ್ತು. ನನ್ನ ಹೆಂಡ್ತಿ ಸುಗುಣಾ ಪಾಳಿಯಾಗ ಮುಂದ ನಿಂತಿದ್ದಳು. ನಾ ಹಿಂದ ಖಾಲಿ ಕೊಡ ಹಿಡ್ಕೊಂಡು ನಿಂತಿದ್ದೆ. ಆಕಿ ತುಂಬಿದ ಕೊಡ ಎತ್ತಿದಳು. ಬಲಗೈ ಜಾರ್ತು. ಕೊಡ ಬಿತ್ತು. ನೀರೆಲ್ಲ ಮಣ್ಣಾಗ ಹೋಯ್ತು.

"ಏ ಸುಗುಣಕ್ಕ, ಕಣ್ಣು ಎಲ್ಲಿಟ್ಟೀದಿ?" ಅಂತ ಹಿಂದಿನ ಹೆಣ್ಮಕ್ಕಳು ಬೈದ್ರು. ಸುಗುಣಾ ತಿರುಗಿ ಉತ್ತರ ಕೊಡ್ಲಿಕ್ಕ ಬಾಯಿ ತಗದಳು. ತಿರುಗಿ ಮಾತಾಡೋದ್ರಾಗ ಆಕಿ ಯಾರಿಗೂ ಕಡಿಮಿ ಇದ್ದಾಕಿ ಅಲ್ಲ. ಆದ್ರ ಅವತ್ತು ಬಾಯಾಗಿಂದ ಬಂದಿದ್ದು ಒಂದೇ ಮಾತು.

"ತಗೊ."

ನನ್ನ ಕಡಿ ನೋಡಿ ಮತ್ತ ಅಂದಳು. "ತಗೊ, ತಗೊ." ಬಾಯಿ ಒಂದು ಕಡಿ ಸೊಟ್ಟ ಆಗಿತ್ತು. ಬೈಯೋರೇ ಬಂದು ಆಕಿನ್ನ ಹಿಡ್ಕೊಂಡ್ರು.

ಜೀಪಿನಾಗ ಬೀದರಿಗಿ ಒಯ್ದೆ. ಸ್ಕ್ಯಾನ್ ಮಾಡಿದ್ರು. ಡಾಕ್ಟರ್ ಸಾಹೇಬ್ರು ಫಿಲ್ಮ್ ಬೆಳಕಿಗಿ ಹಿಡದು ತೋರ್ಸಿದ್ರು. ನನಗ ಏನು ತಿಳೀತದ ಅದ್ರಾಗ.

"ಸ್ಟ್ರೋಕ್ ಆಗ್ಯಾದ್ರಿ. ಮೆದುಳಿನ ಎಡಗಡಿ. ಅದಕ್ಕ ಬಲಗೈ ಸೋತದ. ಮಾತೂ ಅಲ್ಲೇ ಇರ್ತದ. ಇದಕ್ಕ ಅಫೇಸಿಯಾ ಅಂತಾರ."

"ಬುದ್ಧಿ ಹೋಯ್ತೇನ್ರಿ ಸಾಹೇಬ್ರ?"

"ಇಲ್ಲ ಇಲ್ಲ. ಆಕಿಗಿ ಎಲ್ಲಾ ತಿಳೀತದ. ಹೇಳ್ಬೇಕಂದ್ರ ಶಬ್ದ ಸಿಗಂಗಿಲ್ಲ, ಅಷ್ಟೇ."

"ಮತ್ತ ಮಾತಾಡ್ತಾಳೇನ್ರಿ?"

"ಹೇಳಾಕ ಬರಂಗಿಲ್ಲ. ಮಾತಾಡಿಸ್ರಿ. ಸುಮ್ಮ ಮಾತ್ರ ಬಿಡಬ್ಯಾಡ್ರಿ."

ಹೇಳಾಕ ಬರಂಗಿಲ್ಲ. ಮನಿಗಿ ಬರೋ ತನಕ ಬಸ್ಸಿನಾಗ ಅದೊಂದೇ ಮಾತು ತಲ್ಯಾಗ ಕುಂತಿತ್ತು.

ಇಲ್ಲಿ ನನ್ನ ಬಗ್ಗೆ ಸ್ವಲ್ಪ ಹೇಳಬೇಕು. ನಾ ಗಂಜಿನಾಗ, ಅಂದ್ರ ಕಾಳಿನ ಮಾರ್ಕೆಟ್ಟಿನಾಗ, ತೊಗರಿ ಚೀಲದ ಬಾಯಿ ಹೊಲಿಯೋ ಮನುಷ್ಯ. ಸಣ್ಣಾಂವ ಇದ್ದಾಗ ಸಾಲಿ ನೋಡಿಲ್ಲ, ಮಂದಿ ಎಮ್ಮಿ ಕಾದೀನಿ. ಸುಗುಣಾ ಸಿಸ್ಟರ್‌ಗಳ ಹಾಸ್ಟೆಲಿನಾಗ ಇದ್ದು ಓದಿದಾಕಿ. ಮದುವಿ ಆದ ಮ್ಯಾಲ, ಮೂವತ್ತು ದಾಟಿದ ನನಗ ಆಕಿನೇ ಅಕ್ಷರ ಕಲಿಸಿದಳು. ಮನ್ಯಾಗ ಇದ್ದಿದ್ದು ಒಂದೇ ಪುಸ್ತಕ, ಪ್ರಾರ್ಥನಾ ಪುಸ್ತಕ. ಆಕಿ ಒಂದು ಸಾಲು ಅರ್ಧ ಓದಿ ನಿಂದರ್ತಿದ್ದಳು. ಉಳಿದ ಅರ್ಧ ನಾ ಓದಬೇಕು. ತಡವರಿಸಿದ್ರ ಹೇಳಿ ಕೊಡ್ತಿದ್ದಿಲ್ಲ. ಕೈಬಟ್ಟು ಆ ಅಕ್ಷರದ ಮ್ಯಾಲೇ ಇಟ್ಟು ನನ್ನ ಮಾರಿ ನೋಡ್ಕೋತ ಕುಂದರ್ತಿದ್ದಳು. ಎಷ್ಟು ಹೊತ್ತಾದ್ರೂ ಕುಂದರ್ತಿದ್ದಳು. ಹಂಗ ಕಲಿತು ನಾ ಹೊರಗಿಂದ ಪರೀಕ್ಷಾ ಕಟ್ಟಿ ಏಳನೇತ್ತಾ ಪಾಸಾದೆ. ಗಂಜಿನಾಗ ಪೇಡಾ ಹಂಚಿದ್ದೆ.

ನಾವು ಕಥೋಲಿಕ ಮಂದಿ. ನಮ್ಮ ಕಡಿ ಬಾಳ ಇಲ್ಲ, ನಾಕು ಮನಿ ಇಲ್ಲಿ, ನಾಕು ಮನಿ ಔರಾದ ಕಡಿ. ಸಂಜಿ ಆರಕ್ಕ ನಮ್ಮ ಮನ್ಯಾಗ ಎಲ್ಲಾರೂ ಕೂಡಿ ಜಪಸರ ಹೇಳ್ತಿದ್ದೆವು. ಜಪಸರಕ್ಕ ಒಂದು ಪದ್ಧತಿ ಅದ. "ನಮೋ ಮರಿಯಾ" ಅಂತ ಶುರು ಆಗೋ ಮೊದಲರ್ಧ ಒಬ್ರು ಹೇಳ್ತಾರ. "ಸಂತ ಮರಿಯಾ" ಅಂತ ಉಳಿದರ್ಧ ಎಲ್ಲಾರೂ ಕೂಡಿ ಹೇಳ್ತಾರ. ಒಂದೊಂದು ಮಣಿಗೂ ಹಂಗ. ನಮ್ಮಲ್ಲಿ ಶುರು ಮಾಡೋದು ಯಾವಾಗ್ಲೂ ಸುಗುಣಾ. ಬರಗಾಲ ಬಿದ್ದ ಮ್ಯಾಲ ಮಂದಿ ಹೈದ್ರಾಬಾದಿಗಿ, ಪುಣೆಕ್ಕ ಕೆಲಸಕ್ಕ ಹೋದ್ರು. ಆಕಿ ತಮ್ಮ ದೇವದಾಸನೂ ಹೋದ. ಕಡಿಗಿ ಉಳಿದಾವ್ರು ನಾವಿಬ್ರೇ. ಆದ್ರೂ ಆಕಿ ಬಿಡ್ಲಿಲ್ಲ. ಆಕಿ ಶುರು ಮಾಡೋದು, ನಾ ಮುಗಸೋದು. ಆಕಿದು ಒಂದೇ ತಕರಾರು. "ಜೋರ ಹೇಳ್ರಿ. ದೇವರಿಗಿ ಕೇಳಸ್ತದ, ನನಗ ಕೇಳಸಂಗಿಲ್ಲ."

ದವಾಖಾನಿಂದ ಬಂದ ಮರುದಿನ ಆರು ಹೊಡೀತು. ಇಬ್ರೂ ಕುಂತೆವು. ಯಾರೂ ಶುರು ಮಾಡ್ಲಿಲ್ಲ.

ನಾ ಹೇಳಾಕ ಹೋದೆ. ಬರ್ಲೇ ಇಲ್ಲ. ಇಷ್ಟು ವರ್ಷ ಬರೇ ಉಳಿದರ್ಧ ಹೇಳಿದ ಬಾಯಿ. ಮೊದಲರ್ಧಕ್ಕ ಪುಸ್ತಕ ತಗದು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ನನಗೇ ನಾಚಿಕಿ ಬಂತು. ಇಂಥಾ ಮುರುಕ ಪ್ರಾರ್ಥನಿ ಕೇಳಿ ಆಕಿ ಬಾಯಿಗಿ ಎಲ್ಲಿಂದ ಮಾತು ಬರ್ತದ ಅನಸ್ತು.

ನಮ್ಮ ಕಾನ್ವೆಂಟಿನ ಸಿಸ್ಟರ್ ಹತ್ರ ಹೋಗಿ ಹೇಳಿದೆ. "ಸಿಸ್ಟರ್, ಆಕಿ ಕಿವ್ಯಾಗ ಛೊಲೊ ಪ್ರಾರ್ಥನಿ ಬೀಳಬೇಕ್ರಿ. ನಂದು ಸರಿ ಬರಂಗಿಲ್ಲ."

"ಈಗ ಫೋನಿನಾಗ ಎಲ್ಲಾ ಸಿಗ್ತದಪ್ಪ" ಅಂದ್ರು ಸಿಸ್ಟರ್. ತಮ್ಮ ಫೋನಿನಾಗ ತೋರ್ಸಿದ್ರು. ದಿನಾ ಓದೋ ವಾಚನ, ಕನ್ನಡದಾಗ ಜಪಸರ, ಸಂತರ ಕತಿ. ನಮ್ಮ ಕಥೋಲಿಕ ಸನ್ಯಾಸಿಗಳ ಒಂದು ಮಠದ ಪುಟಾನೂ ಇತ್ತು. ಅಲ್ಲಿ ಸನ್ಯಾಸಿಗಳು ಕೀರ್ತನಿ ಹಾಡೋದು ಕೇಳಬಹುದು. ಅವ್ರು ಹ್ಯಾಂಗ ಇರ್ತಾರ, ಯಾವಾಗ ಹೊಲಕ್ಕ ಹೋಗ್ತಾರ, ಯಾವಾಗ ಸುಮ್ಮ ಇರ್ತಾರ, ಎಲ್ಲಾ ಬರದಿದ್ರು. ನನಗ ದೊಡ್ಡ ಗುಡಿ ಬಾಗಲ ತಗದಂಗ ಆಯ್ತು. ಭಾಲ್ಕಿ ಗಂಜಿನ ಮನುಷ್ಯಾಗ ಇದೆಲ್ಲಾ ಅಂಗೈಯಾಗ!

ಖಾಜಾ ಭಾಯಿ ಮೊಬೈಲ್ ಅಂಗಡಿಯಾಗ ಕುಂತು "ಜಪಸರ" ಅಂತ ಒತ್ತಿದೆ. ಖಾಜಾ ಭಾಯಿ ನಕ್ಕ. "ಪೀಟರ್ ಭಾಯಿ, ನೀ ಮೂರನೇ ಅಕ್ಷರಕ್ಕ ಬರೋದ್ರಾಗ ನನ್ನ ಚಾಯ್ ಥಂಡಾ ಆಯ್ತು ನೋಡು."

ಮೂರು ವಾರ ದಿನಾ ಆರಕ್ಕ ಫೋನ್ ಹಚ್ಚಿದೆ. ಎಂಥಾ ದನಿ! ರೇಷ್ಮಿ ಹಂಗ. ಮೊದಲರ್ಧ ಒಬ್ಬ ಹೆಣ್ಮಗಳು ಹೇಳ್ತಿದ್ದಳು, ಉಳಿದರ್ಧ ಹತ್ತು ಮಂದಿ ಹೇಳ್ತಿದ್ರು, ಎಲ್ಲೂ ತಡೀತಿದ್ದಿಲ್ಲ. ಸುಗುಣಾ ಗ್ವಾಡಿ ನೋಡ್ಕೋತ ಕುಂದರ್ತಿದ್ದಳು. ನಡುನಡುಕ ತುಟಿ ಅಲುಗ್ತಿತ್ತು, ಅಷ್ಟರಾಗ ಫೋನ್ ಮುಂದಿನ ಮಣಿಗಿ ಹೋಗಿರ್ತಿತ್ತು. ಒಂದಿನ ಎಡಗೈಲಿಂದ ಫೋನ್ ದೂರ ತಳ್ಳಿದಳು. "ತಗೊ!"

ದೇವರ ಮ್ಯಾಲೇ ಸಿಟ್ಟು ಆಗ್ಯಾಳ ಅಂತ ತಿಳಕೊಂಡೆ. ಗಂಜಿನಾಗ ಚೀಲದ ಹಿಂದ ಕುಂತು ಅತ್ತೀನಿ ಅವತ್ತು.

ಆ ಮಠದ ಪುಟದಾಗ "ನಮಗೆ ಬರೆಯಿರಿ" ಅಂತ ಒಂದು ಜಾಗ ಇತ್ತು. ಮೂರು ದಿನ ಕುಂತು ಒಂದೇ ಕೈಬಟ್ಟಿಲಿಂದ ಒತ್ತಿ ಒತ್ತಿ ಬರದೆ. ನನ್ನ ಹೆಂಡ್ತಿಗಿ ಮಾತು ನಿಂತಾವ. ಪ್ರಾರ್ಥನಿಗಿ ಉತ್ತರ ಕೊಡಾಕ ಬರಂಗಿಲ್ಲ. ಉತ್ತರ ಇಲ್ಲದ ಪ್ರಾರ್ಥನಿ ದೇವರಿಗಿ ಮುಟ್ಟತದೋ ಇಲ್ಲೋ ಹೇಳ್ರಿ. ಸಿಸ್ಟರ್ ಅದನ್ನ ಇಂಗ್ಲಿಷ್ ಮಾಡಿ ಕಳಿಸಿದ್ರು.

ಅದಾದ ಎರಡು ದಿನಕ್ಕ ಸಂಜಿ ಕರೆಂಟ್ ಹೋಯ್ತು. ಟವರೂ ಹೋಯ್ತು. ಮೊದಲರ್ಧ ಮುಗಿದಿತ್ತು, ಅಲ್ಲೇ ಫೋನ್ ನಿಂತು ಅದ್ರಾಗಿನ ಚಕ್ರ ಗುಂಡಕ ತಿರಗಾಕ ಹತ್ತಿತು. ನಾ ಎದ್ದು ಕಿಟಕಿ ಹತ್ರ ಹೋಗಿ ಫೋನ್ ಮ್ಯಾಲ ಎತ್ತಿ ಹಿಡದು ಬೈಕೋತ ನಿಂತಿದ್ದೆ.

ಹಿಂದಿಂದ ದನಿ ಬಂತು.

"ಸಂತ... ಮರಿಯಾ."

ತಿರುಗಿದೆ. ಆಕಿ ಕಣ್ಣು ಮುಚ್ಚಿದ್ದಳು. "ದೇವರ ಮಾತೆಯೇ" ಅಂದಳು. ಒಂದೊಂದು ಶಬ್ದ ಬಾವ್ಯಾಗಿಂದ ಕೊಡ ಎಳದಂಗ ಬರ್ತಿತ್ತು. ಆದ್ರ ಬಂತು. ಆಮೆನ್ ತನಕ ಬಂತು.

"ಏನಂದಿ ಸುಗುಣಾ? ಏನಂದಿ?"

"ತಗೊ" ಅಂದಳು. ನಗ್ತಿದ್ದಳು, ಅಳ್ತಿದ್ದಳು.

ಅವತ್ತು ನನಗ ತಿಳೀತು ನಾ ಮಾಡಿದ ತಪ್ಪು. ಫೋನ್ ಎರಡೂ ಅರ್ಧ ತಾನೇ ಹೇಳ್ತಿತ್ತು. ಆಕಿ ಅರ್ಧಾನೂ ಅದೇ ಕಸ್ಕೊಂಡಿತ್ತು. ಆಕಿಗಿ ಜಾಗಾನೇ ಇದ್ದಿದ್ದಿಲ್ಲ. ಅರ್ಧ ಹೇಳಿ ಕಾಯೋದನ್ನ ನನಗ ಕಲಿಸಿದಾಕಿ ಆಕಿನೇ, ಆದ್ರ ಆಕಿ ಪಾಳಿ ಬಂದಾಗ ನಾ ಕಾಯಲಿಲ್ಲ.

ಫೋನ್ ಕಿಟಕಿಯಾಗೇ ಬಿಟ್ಟು ಪುಸ್ತಕ ತಗದೆ. ಮುರುಕ ಮುರುಕ ಓದಿದೆ. ನಿಂತೆ. ಆಕಿ ಮುಗಸಿದಳು.

ಬೀದರಿನ ಸ್ಪೀಚ್ ಥೆರಪಿ ಮೇಡಂಗ ಹೇಳಿದಾಗ ಅವ್ರು ಖುಷಿ ಆದ್ರು. "ಬಾಯಿಪಾಠ ಇದ್ದ ಮಾತು ಹಿಂಗ ಬರ್ತಾವ್ರಿ. ನೀವು ಶುರು ಮಾಡಿ ಕೊಟ್ರ ಮುಗಸ್ತಾರ. ತಾವೇ ಶುರು ಮಾಡೋದು ಬಾಳ ಕಠಿಣ. ಅದು ಬಂದ್ರ ದೊಡ್ಡ ಮಾತು. ಬರ್ಲಿಲ್ಲಂದ್ರ ಬೇಜಾರ ಮಾಡ್ಕೋಬ್ಯಾಡ್ರಿ."

ಮುಂದಿನ ವಾರ ಮಠದಿಂದ ಉತ್ತರ ಬಂತು. ಸಿಸ್ಟರ್ ಓದಿ ಹೇಳಿದ್ರು. ಒಬ್ರು ಮುದುಕ ಸನ್ಯಾಸಿ ಬರದಿದ್ರು. ನಾವು ಗುಡಿಯಾಗ ಎರಡು ಸಾಲು ಎದುರಾಬದುರ ಕುಂದರ್ತೇವಿ, ಒಂದು ಸಾಲು ಹಾಡಿದ್ರ ಇನ್ನೊಂದು ಸಾಲು ಉತ್ತರ ಕೊಡ್ತದ, ನಡುಕ ಒಂದು ಉಸಿರು ಸುಮ್ಮ ಇರ್ತೇವಿ, ಆ ಸುಮ್ಮ ಇರೋದೂ ಪ್ರಾರ್ಥನಿನೇ, ನಿಮ್ಮ ಹೆಂಡತಿದು ದೇವರಿಗಿ ಮುಟ್ಟೇ ಮುಟ್ಟತದ ಅಂತ. ಎಲ್ಲೋ ಗುಡ್ಡದ ಮ್ಯಾಲಿನ ಮಠ, ಎಲ್ಲೋ ನಮ್ಮ ಭಾಲ್ಕಿ. ನಾ ಬರದ ಅಕ್ಷರಕ್ಕ ಉತ್ತರ! ಆ ಕಾಗದ ಪ್ರಿಂಟ್ ತಗಸಿ ಪ್ರಾರ್ಥನಾ ಪುಸ್ತಕದಾಗ ಇಟ್ಟೀನಿ.

ನಾ ಗಂಜಿನಾಗ ಇದ್ದಾಗ್ಲೂ ಆಕಿಗಿ ರೂಢಿ ಆಗ್ಲಿ ಅಂತ ನನ್ನ ದನಿಯಾಗೇ ರೆಕಾರ್ಡ್ ಮಾಡಿದೆ. ಬರೇ ಮೊದಲರ್ಧ. ಆಮ್ಯಾಲ ಸುಮ್ಮ. ಎಷ್ಟು ಹೊತ್ತು ಸುಮ್ಮ ಇರಬೇಕು? ಮೊದಲ ಸಲ ಕಡಿಮಿ ಬಿಟ್ಟೆ, ಆಕಿ ಮುಗಿಸೋದ್ರಾಗ ನಾ ಅಡ್ಡ ಬರ್ತಿದ್ದೆ. ಕಡಿಗಿ ಕೈಯಾಗ ದಬ್ಬಣ ಹಿಡದು ಖಾಲಿ ಚೀಲಕ್ಕ ಹೊಲಿಗಿ ಹಾಕ್ಕೋತ ರೆಕಾರ್ಡ್ ಮಾಡಿದೆ. ಎಂಟು ಹೊಲಿಗಿ ಹಾಕೋಷ್ಟು ಹೊತ್ತು ಸುಮ್ಮ ಬಿಟ್ಟೆ. ಆಕಿಗಿ ಸರಿ ಆಯ್ತು.

ಖಾಜಾ ಭಾಯಿ ಕೇಳಿ ಹಣಿ ಗಂಟು ಹಾಕ್ದ. "ಭಾಯಿ, ಇದ್ರಾಗ ಅರ್ಧಾ ಖಾಲಿ ಅದ. ರೆಕಾರ್ಡಿಂಗ್ ಖರಾಬ್ ಆಗ್ಯಾದ."

"ಖರಾಬ ಅಲ್ಲ ಭಾಯಿ. ಅದು ನಿಮ್ಮ ಭಾಭಿ ಜಾಗ."

ಖಾಜಾ ಭಾಯಿ ಫೋನ್ ಚಾರ್ಜಿಗಿ ಹಾಕಿ ಕೊಟ್ಟ.

ಹೈದ್ರಾಬಾದಿಗಿ ದೇವದಾಸಗೂ ಕಳಿಸಿದೆ. ಮರುದಿನ ಫೋನ್ ಮಾಡ್ದ. "ಮಾವ, ನಿನ್ನ ದನಿ ಕೇಳಿ ನಮ್ಮ ಮೇಸ್ತ್ರಿ ಯಾರೋ ಜಗಳಕ್ಕ ಬಂದಾರ ಅಂತ ಹೊರಗ ಬಂದ."

"ನಗು ಮಗನ. ಪ್ರಾರ್ಥನಿ ಮಾಡಿದ್ರೋ ಇಲ್ಲೋ?"

"ಮಾಡಿದೇವು ಮಾವ. ಶೆಡ್ಡಿನಾಗ ನಮ್ಮ ಕಡಿ ಮಂದಿ ಎಲ್ಲಾ ಕುಂತಿದ್ರು. ನೀ ನಿಂತಾಗ ನಾವು ಹೇಳಿದೇವು. ಅಕ್ಕ ಅಲ್ಲೇ ಕುಂತಂಗ ಅನಸ್ತು." ಅಂವನ ದನಿ ಸಣ್ಣ ಆಯ್ತು. ಈಗ ಪುಣೆದಾಗೂ ಕೇಳ್ತಾರಂತ. ಏಳನೇತ್ತಾ ಪಾಸಾದವನ ದನಿ ಎಲ್ಲೆಲ್ಲಿ ಹೋಯ್ತು ನೋಡ್ರಿ.

ಸುಗುಣಾಗ ಪೂರಾ ಆರಾಮ ಆಗಿಲ್ಲ. ಉಪ್ಪು ಬೇಕಂದ್ರೂ "ತಗೊ" ಅಂತಾಳ, ಕದ ಹಾಕು ಅಂದ್ರೂ "ತಗೊ". ಬಲಗೈಯಾಗ ರೊಟ್ಟಿ ತಟ್ಟಾಕ ಬರಂಗಿಲ್ಲ, ನಾ ತಟ್ಟತೇನಿ, ಆಕಿ ನೋಡಿ ನಗ್ತಾಳ. ಕೋಲು ಹಿಡದು ಟ್ಯಾಂಕರ್ ತನಕ ಬರ್ತಾಳ. ಹೆಣ್ಮಕ್ಕಳು ತಾವೇ ಆಕಿ ಕೊಡ ಮೊದಲ ತುಂಬಸ್ತಾರ.

ಹೋದ ತಿಂಗಳು ಒಂದಿನ ಗಂಜಿನಿಂದ ಬರೋದು ತಡ ಆಯ್ತು. ಆರು ಹೊಡದಿತ್ತು. ಕಾಲು ತೊಳ್ಕೊಂಡು ಒಳಗ ಬಂದೆ. ಫೋನ್ ಬಂದ್ ಆಗಿ ಬಿದ್ದಿತ್ತು. ನಾ ಪುಸ್ತಕ ಹುಡಕಾಕ ಹತ್ತಿದೆ.

"ನಮೋ ಮರಿಯಾ."

ನಾ ಅಂದಿದ್ದಲ್ಲ.

ಆಕಿ ಚಾಪಿ ಮ್ಯಾಲ ಕುಂತಿದ್ದಳು. ಎಡಗೈಯಾಗ ಜಪಸರ. ಒಂದೊಂದೇ ಶಬ್ದ, ತಾನೇ, ಯಾರೂ ಶುರು ಮಾಡಿ ಕೊಡಲಾರ್ದ, ಅರ್ಧದ ತನಕ ತಂದಳು. ಅಲ್ಲಿ ನಿಂತಳು.

ಈಗ ನನ್ನ ಪಾಳಿ. ಇಷ್ಟು ತಿಂಗಳು ಬರೇ ಮೊದಲರ್ಧ ಹೇಳಿ ಹೇಳಿ ನನಗ ಉಳಿದರ್ಧ ಒಮ್ಮೆಲೇ ಬಾಯಿಗಿ ಬರ್ಲಿಲ್ಲ. ಆಕಿ ಹೇಳಿ ಕೊಡ್ಲಿಲ್ಲ. ಬಟ್ಟು ಮಣಿ ಮ್ಯಾಲೇ ಇಟ್ಟು ನನ್ನ ಮಾರಿ ನೋಡ್ಕೋತ ಕುಂತಳು, ಅಕ್ಷರ ಕಲಿಸೋವಾಗ ಕುಂದರ್ತಿದ್ದಂಗೇ.

"ಸಂತ ಮರಿಯಾ" ಅಂದೆ, ಸಣ್ಣ ದನಿಯಾಗ.

"ಜೋರ" ಅಂದಳು ಸುಗುಣಾ.

ಜೋರ ಹೇಳಿದೆ. ಓಣಿಗೆಲ್ಲಾ ಕೇಳೋ ಹಂಗ ಹೇಳಿದೆ.