ಆಯಿ ತಿನ್ನದ ರೊಟ್ಟಿ

ಹಂಚಿನ ಮೇಲೆ ಗೋಧಿ ರೊಟ್ಟಿಯ ಅಂಚು ಸ್ವಲ್ಪ ಸೀದರೆ ಸಾಕು, ಜೇವರ್ಗಿಯ ಈ ಅಡುಗೆಮನೆ ನನಗೆ ಮರೆತೇ ಹೋಗುತ್ತದೆ. ನರೋಣಾದ ನಮ್ಮ ಹಳೆಯ ಮನೆಯ ಹೊಗೆ ಹಿಡಿದ ಗೋಡೆ, ಒಲೆಯ ಮುಂದೆ ಸೆರಗು ಬಿಗಿದು ಕೂತ ಆಯಿ, ಪಕ್ಕದಲ್ಲಿ ತೊಗರಿ ಕಟ್ಟಿಗೆ ಮುರಿದು ಕೊಡುತ್ತಿದ್ದ ಮುತ್ಯಾ, ಎಲ್ಲ ಒಟ್ಟಿಗೆ ಬಂದುಬಿಡುತ್ತಾರೆ. ಆಯಿ ಎಂದರೆ ಅಪ್ಪನ ತಾಯಿ; ಮುತ್ಯಾ ಅವಳ ಗಂಡ. ಅಂಥ ಮನೆ ಕಳೆದುಕೊಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಊರಲ್ಲಿ ಕ್ರೈಸ್ತರ ಮನೆಗಳು ಕೆಲವೇ. ಪ್ರಾರ್ಥನೆಗೆ ಮಣ್ಣಿನ ನೆಲದ ಒಂದು ಕೋಣೆ. ಶನಿವಾರ ಬಂತೆಂದರೆ ಆ ನೆಲವನ್ನು ಆಯಿಯೇ ಸಗಣಿಯಿಂದ ಸಾರಿಸಬೇಕು. ಬೇರೆಯವರು ಕೈ ಹಚ್ಚಿದರೆ ಅವಳಿಗೆ ಸಮಾಧಾನವಿಲ್ಲ. ತಿಂಗಳಿಗೊಮ್ಮೆ ಆಳಂದದಿಂದ ಪಾಸ್ಟರ್ ಪ್ರಭುಭೋಜನ, ಅಂದರೆ ದೇವರ ಹೆಸರಲ್ಲಿ ಎಲ್ಲರಿಗೂ ಒಂದೊಂದು ಚೂರು ರೊಟ್ಟಿ, ದ್ರಾಕ್ಷಾರಸ, ಕೊಡಲು ಬರುತ್ತಿದ್ದರು. ಅದರ ರೊಟ್ಟಿಯೂ ಅವಳದೇ. ಹಿಟ್ಟು ನಾದುವಾಗ ಅವಳ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿತ್ತು. ಅವ್ವ ಮಾಡಿಕೊಡುತ್ತೇನೆಂದರೆ, "ನೀ ಸುಡ್ತಿ, ಸರಿ ಆಕಡಿ" ಎಂದು ಕಳಿಸುತ್ತಿದ್ದಳು. ಆ ದಿನ ಸಭೆ ಮುಗಿಯುವವರೆಗೆ ನೀರೂ ಮುಟ್ಟುತ್ತಿರಲಿಲ್ಲ.

ಆದರೆ ರೊಟ್ಟಿಯ ತಟ್ಟೆ ಹತ್ತಿರ ಬಂದಾಗ ಆಯಿ ಎಷ್ಟೋ ಸಲ ಎದ್ದು ಹೊರಗೆ ಹೋಗಿಬಿಡುತ್ತಿದ್ದಳು. ಬೇವಿನ ಗಿಡದ ಕೆಳಗೆ ಕೂತವಳನ್ನು ಯಾಕೆಂದು ಕೇಳಿದರೆ, "ಈ ವಾರ ನಿಮ್ಮವ್ವಗ ಭಾಳ ಬೈದೀನಿ. ಹೊಲಸು ಬಾಯಿಲೆ ಹ್ಯಾಂಗ ತಿನ್ಲಿ? ಮುಂದಿನ ತಿಂಗಳು ನೆಟ್ಟಗಾಗಿ ತಿಂತೀನಿ" ಅನ್ನುತ್ತಿದ್ದಳು. ಮುಂದಿನ ತಿಂಗಳು ಇನ್ನೊಂದು ಕಾರಣ ಇರುತ್ತಿತ್ತು. ಎಲ್ಲರಿಗೂ ರೊಟ್ಟಿ ಮಾಡಿ ಆ ಮುದುಕಿ ತಾನು ಹಸಿದು ಕೂತಿರುತ್ತಿದ್ದಳು. ಅವಳು ದೇವರಿಗಿಂತ ಕಟ್ಟುನಿಟ್ಟು ಎಂದು ಆಗ ಅನ್ನಿಸುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ.

ಒಂದು ವರ್ಷ ತೊಗರಿ ರಾಶಿಯ ದಿನಗಳಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಮಾತು ತೊದಲಿತು. ಹೊರಸಿನ ಮೇಲೆ ಮಲಗಿ ಗೋಡೆ ನೋಡುತ್ತ, "ಇನ್ನ ದೇವ್ರಿಗಿ ನಾ ಯಾತಕ್ಕ ಬೇಕು" ಎನ್ನುತ್ತಿದ್ದಳು. ಮುತ್ಯಾ ಹೊಲವನ್ನು ಅಪ್ಪನಿಗೆ ಬಿಟ್ಟು ಅವಳ ತಲೆ ಬಾಚುವುದು, ಮೈ ಒರೆಸುವುದು, ಅಂಬಲಿ ಕುಡಿಸುವುದು ಎಲ್ಲ ತಾನೇ ಮಾಡತೊಡಗಿದ. ಜೀವನವಿಡೀ ಅವಳು ಬಡಿಸಿದ್ದನ್ನು ಉಂಡವನು. ಮೊದಮೊದಲು ಅಂಬಲಿ ಅರ್ಧ ಅವಳ ಕೊರಳಿಗೇ ಚೆಲ್ಲುತ್ತಿತ್ತು.

ಆ ತಿಂಗಳು ಪಾಸ್ಟರ್ ಸಭೆ ಮುಗಿಸಿ ರೊಟ್ಟಿಯನ್ನು ಮನೆಗೇ ತಂದರು. ಅವ್ವ ಮಾಡಿದ್ದು, ಒಂದು ಕಡೆ ಸೀದಿತ್ತು. ಆಯಿ ಮುಖ ತಿರುಗಿಸಿದಳು.

"ಬ್ಯಾಡ್ರಿ ಸಾಹೇಬ್ರ. ನೆಲ ಸಾರಿಸಿಲ್ಲ, ಹಿಟ್ಟು ನಾದಿಲ್ಲ. ಪ್ರಾರ್ಥನಿನೂ ಅರ್ಧಕ್ಕ ಮರೀತದ. ಯಾವ ಮಾರಿ ಇಟ್ಕೊಂಡು ತಿನ್ಲಿ?"

ಪಾಸ್ಟರ್ ಏನೋ ಹೇಳಲು ಹೊರಟರು. ಅಷ್ಟರಲ್ಲಿ ಮುತ್ಯಾ, ಸಭೆಯಲ್ಲಿ ಎಂದೂ ಬಾಯಿ ಬಿಡದವನು, ಹೊರಸಿನ ಅಂಚಿಗೆ ಕೂತು ಅವಳ ಗದ್ದ ಹಿಡಿದ.

"ಮುಂಜಾನಿ ನನ್ನ ಕೈಲೆ ಅಂಬಲಿ ಕುಡದಿ. ಅದಕ್ಕೇನು ಕೂಲಿ ಮಾಡಿದ್ದಿ ಹೇಳು? ನಾನೇ ಇಷ್ಟು ಮಾಡ್ತೀನಿ ಅಂದ್ರ, ನಿನ್ನ ಹುಟ್ಟಿಸಿದಾಂವ ಮಾಡಲ್ಲೇನು? ಬಾಯಿ ತೆರಿ."

ಆಯಿ ಅವನ ಕಡೆ ಮುಖ ತಿರುಗಿಸಿದಳು. ಕಣ್ಣೀರು ಇಳಿದು ಕಿವಿಗೆ ಹೋಯಿತು. ಆಮೇಲೆ ಬಾಯಿ ತೆರೆದಳು. ಪಾಸ್ಟರ್ ಒಂದು ಚೂರನ್ನು ದ್ರಾಕ್ಷಾರಸದಲ್ಲಿ ಅದ್ದಿ ನಾಲಿಗೆಯ ಮೇಲಿಟ್ಟರು. ನುಂಗಿದ ಮೇಲೆ ಅವಳು ಅವ್ವನ ಕಡೆ ತಿರುಗಿ, "ಸುಟ್ಟೀದಿ. ಆದ್ರ ರುಚಿ ಅದ" ಎಂದಳು. ಅವ್ವ ಅತ್ತುಬಿಟ್ಟಳು. ಬೇಸಿಗೆಯಲ್ಲಿ ತೀರಿಕೊಳ್ಳುವವರೆಗೂ ಆಯಿ ಪ್ರತಿ ತಿಂಗಳು ಆ ರೊಟ್ಟಿಗಾಗಿ ದಾರಿ ಕಾದಳು. ಮುಂದಿನ ತಿಂಗಳು ನೆಟ್ಟಗಾಗುತ್ತೇನೆ ಎಂಬ ಮಾತು ಮತ್ತೆ ಅವಳ ಬಾಯಲ್ಲಿ ಬರಲಿಲ್ಲ.

ಮುತ್ಯಾ ಹೋದ, ಅಪ್ಪ ಅವ್ವನೂ ಹೋದರು. ಮನೆ ಬಿದ್ದ ಜಾಗದಲ್ಲಿ ಈಗ ಯಾರದೋ ದನ ಕಟ್ಟುತ್ತಾರೆ. ಪ್ರಾರ್ಥನೆಯ ಕೋಣೆಗೆ ಫರಸಿ ಕಲ್ಲು ಹಾಸಿದ್ದಾರೆ. ಸಾರಿಸುವ ಕೆಲಸವೇ ಇಲ್ಲ. ಇಲ್ಲಿ ಜೇವರ್ಗಿಯ ಸಭೆಗೆ ರೊಟ್ಟಿ ಮಾಡುವವಳು ಈಗ ನಾನು. ಎಷ್ಟು ಎಚ್ಚರವಿದ್ದರೂ ಅವ್ವನ ಮಗಳಲ್ಲವೆ, ಒಂದು ಅಂಚು ಸುಟ್ಟೇ ಸುಡುತ್ತೇನೆ. ಆಯಿಯ ರಕ್ತವೂ ಇರಬೇಕು: ತಟ್ಟೆ ಹತ್ತಿರ ಬಂದಾಗ ವಾರದ ತಪ್ಪುಗಳೆಲ್ಲ ನೆನಪಾಗಿ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಆಗ ಮುತ್ಯಾನ ಒರಟು ಬೆರಳು ಗದ್ದಕ್ಕೆ ತಾಗಿದಂತಾಗುತ್ತದೆ. ಬಾಯಿ ತೆರೆಯುತ್ತೇನೆ.